ಕೋಳಿ ಕಾಲು ನೋಡುವ ಕೆಲಸ

ಎಲ್ಲರ ಜೀವನದಲ್ಲೂ ಫಜೀತಿಗಳು ಬರುತ್ತವೆ, ಹೋಗುತ್ತವೆ. ನನ್ನ ಹತ್ತಿರ ಬಂದವು ಮಾತ್ರ ಚಪ್ಪಲಿ ಬಿಟ್ಟು, ಚಾಪೆ ಹಾಸಿಕೊಂಡು, ಊಟಕ್ಕೆ ಏನು ಅಂತ ಕೇಳುತ್ತವೆ. ನಾನು ಏಳನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟವನು. ಬಿಟ್ಟೆ ಅಂದರೆ, "ಒಂದಕ್ಕೆ ಹೋಗಿ ಬರ್ತೀನಿ ಸಾರ್" ಅಂತ ಹೊರಗೆ ಬಂದವನು ಇನ್ನೂ ವಾಪಸ್ಸು ಹೋಗಿಲ್ಲ. ಆಮೇಲೆ ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ ಹೆಲ್ಮೆಟ್ ಮಾರಿದೆ, ಕಗ್ಗದಾಸಪುರದಲ್ಲಿ ಮೂರನೇ ಮಹಡಿಗಳಿಗೆ ನೀರಿನ ಕ್ಯಾನು ಹೊತ್ತೆ, ಗರುಡಾಚಾರ್‌ಪಾಳ್ಯದ ಒಂದು ಫ್ಯಾಕ್ಟರಿ ಗೇಟಿನಲ್ಲಿ ನಿಂತು ಬರುವ ಕಾರಿಗೂ ಹೋಗುವ ಕಾರಿಗೂ ಸಲ್ಯೂಟ್ ಹೊಡೆದೆ. ಯಾವುದರಲ್ಲೂ ಆರು ತಿಂಗಳು ದಾಟಲಿಲ್ಲ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ ನೀನು" ಅಂತ ಅಮ್ಮ ಬೈಯುತ್ತಿದ್ದರು. ಅಂಥ ಕಾಲು ಒಂದು ಕಡೆ ನಿಂತದ್ದು ಕೋಳಿ ಕಾಲಿನ ದೆಸೆಯಿಂದ.

ಇಂಟರ್‌ವ್ಯೂ

ಕೆ.ಆರ್. ಪುರ ದಾಟಿ, ಹಳೇ ಮದ್ರಾಸ್ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಕೋಳಿ ಶೆಡ್ಡು. ಎರಡು ಸಾವಿರ ಬ್ರಾಯ್ಲರ್ ಕೋಳಿ. ಯಜಮಾನಮ್ಮ ಹಲಸೂರಿನವರು. ಮನೆಯಲ್ಲಿ ತಮಿಳು, ಶೆಡ್ಡಿನಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಆಳು ಬೇಕು ಅಂತ ಯಾರೋ ಹೇಳಿದರು, ಹೋಗಿ ನಿಂತೆ.

"ಕೋಳಿ ಬಗ್ಗೆ ಏನಪ್ಪಾ ಗೊತ್ತು ನಿನಗೆ?"

"ಬಿರಿಯಾನಿ, ಕಬಾಬು, ಪೆಪ್ಪರ್ ಡ್ರೈ ಗೊತ್ತಮ್ಮಾ."

ಅವರು ನಗಲಿಲ್ಲ. ಹೋದ ಬ್ಯಾಚಿನಲ್ಲಿ ಮಾರದೆ ಉಳಿದಿದ್ದ ಒಂದು ಕೋಳಿ ಹಿಡಿದು, ತಲೆಕೆಳಗು ಮಾಡಿ, ಪಾದವನ್ನು ನನ್ನ ಮೂಗಿಗೆ ಹಿಡಿದರು. ಅಂಗಾಲಿನ ನಡುವೆ ಕಪ್ಪಗೆ, ಗಟ್ಟಿಯಾಗಿ, ಸುಟ್ಟ ಗಾಯದಂಥ ಒಂದು ಕಲೆ.

"ಇದು ಬರದೇ ಇರೋ ಹಾಗೆ ನೋಡ್ಕೊಳ್ಳೋದೇ ನಿನ್ನ ಕೆಲಸ," ಅಂದರು.

ವಿಷಯ ಇಷ್ಟು. ಶೆಡ್ಡಿನ ನೆಲಕ್ಕೆ ಭತ್ತದ ಹೊಟ್ಟು ಹಾಸಿರುತ್ತಾರೆ. ಹೊಟ್ಟು ಒಣಗಿದ್ದರೆ ಕೋಳಿಗೆ ಹಾಸಿಗೆ. ಒದ್ದೆಯಾದರೆ ಹಿಕ್ಕೆಯ ಜೊತೆ ಸೇರಿ ಖಾರ ಹುಟ್ಟಿ ಅಂಗಾಲು ಸುಡುತ್ತದೆ. ಕಾಲು ನೋಯುವ ಕೋಳಿ ನಡೆಯಲ್ಲ. ನಡೆಯದ ಕೋಳಿ ಮೇವಿನ ತಟ್ಟೆಗೆ ಹೋಗಲ್ಲ, ಕೂತಲ್ಲೇ ಸೊರಗುತ್ತದೆ. ಇದರ ಮೇಲೆ ನಮ್ಮ ಕೋಳಿಯನ್ನೆಲ್ಲ ಕೊಳ್ಳುವವರು ಒಬ್ಬರೇ, ಶಿವಾಜಿನಗರದ ಒಬ್ಬ ಭಾಯ್. ಅವರ ಅಂಗಡಿ ಮುಂದೆ ಸಂಜೆ ಅವರ ತಮ್ಮ ಕಾಲು ಸೂಪು ಮಾರುತ್ತಾನೆ. ಸೂಪಿಗೆ ಕಾಲು ಬೆಳ್ಳಗೆ, ನುಣ್ಣಗೆ ಇರಬೇಕು. ಹೋದ ಎರಡು ಬ್ಯಾಚಿನಲ್ಲೂ ಕಲೆ ಕಂಡು, ಭಾಯ್ ಹೇಳಿ ಕಳಿಸಿದ್ದರು: ಈ ಸಲವೂ ಹೀಗೇ ಬಂದರೆ ಬೇರೆ ಶೆಡ್ಡು ನೋಡ್ಕೋತೀನಿ.

"ಅವರು ಬಿಟ್ಟರೆ ನಾನು ಶೆಡ್ಡು ಮುಚ್ಚೋದೇ," ಅಂದರು ಯಜಮಾನಮ್ಮ. "ನಮ್ಮೆಜಮಾನರು ಕೈಯಾರೆ ಕಟ್ಟಿದ್ದು ಕಣಪ್ಪಾ ಇದು." ಆಮೇಲೆ ಸೆರಗು ಸರಿ ಮಾಡಿಕೊಂಡು, "ಒಂದು ಕಡೆ ಎಷ್ಟು ದಿನ ಇರ್ತೀಯ?" ಅಂತ ಕೇಳಿದರು.

ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. "ಜಾಸ್ತಿ ಅಂದ್ರೆ ಐದು ತಿಂಗಳಮ್ಮಾ."

"ಪರವಾಗಿಲ್ಲ. ಕೋಳಿ ನಲವತ್ತು ದಿನದ ಮೇಲೆ ಇರಲ್ಲ. ನೀನೇ ಸೀನಿಯರ್."

ಮುಷ್ಟಿ

ಹೊಟ್ಟು ಒದ್ದೆಯೋ ಒಣಗಿದೆಯೋ ನೋಡೋದಕ್ಕೆ ಮೆಶೀನು ಬೇಡ. ಒಂದು ಹಿಡಿ ತಗೊಂಡು ಬಿಗಿಯಾಗಿ ಹಿಂಡಿ, ಕೈ ಬಿಚ್ಚಬೇಕು. ಪುಡಿಪುಡಿಯಾಗಿ ಉದುರಿದರೆ ಸರಿ. ಮುದ್ದೆ ಕಟ್ಟಿ ಕೂತರೆ ಕೆಟ್ಟಿತು, ಸುಣ್ಣದ ಪುಡಿ ಎರಚಿ, ಕಬ್ಬಿಣದ ಹಲ್ಲಿನ ಕೋಲಿನಿಂದ ಕೆದಕಿ ತಿರುವಬೇಕು. ದಿನಕ್ಕೆ ನಲವತ್ತು ಜಾಗದಲ್ಲಿ ಹಿಂಡುತ್ತಿದ್ದೆ. ಒಂದು ವಾರದಲ್ಲಿ ಕೈಗೆ ಅದೇ ಚಟವಾಯಿತು.

ಕೆ.ಆರ್. ಪುರದ ದರ್ಶಿನಿಯಲ್ಲಿ ಒಂದು ಬೆಳಿಗ್ಗೆ ನಿಂತು ತಿಂಡಿ ತಿನ್ನುತ್ತಿದ್ದೆ. ಯೋಚನೆಯೆಲ್ಲ ಶೆಡ್ಡಿನಲ್ಲಿ. ಪಕ್ಕದಲ್ಲಿದ್ದ ಟೈ ಕಟ್ಟಿದ ಮನುಷ್ಯ ತಿನ್ನೋದು ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ಯಾಕೆ ಅಂತ ಕೆಳಗೆ ನೋಡಿದರೆ, ನನ್ನ ಮುಷ್ಟಿಯಲ್ಲಿ ಉಪ್ಪಿಟ್ಟು. ಬಿಚ್ಚಿದೆ. ಮುದ್ದೆ ಕಟ್ಟಿತ್ತು.

"ಏನಾಗಿದೆ ಅದಕ್ಕೆ?" ಅಂತ ಅವರು ಕೇಳಿದರು.

"ತೇವ ಜಾಸ್ತಿ ಸಾರ್. ಕಾಲು ಕೆಡುತ್ತೆ."

ಅವರು ತಮ್ಮ ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದರು. ಹೋಗುವಾಗ ತಮ್ಮ ಶೂ ಒಂದು ಸಲ ನೋಡಿಕೊಂಡರು.

ಮೆಡಿಕಲ್ ಸ್ಟೋರು

ಶೆಡ್ಡಿನಲ್ಲಿ ನನ್ನ ಜೊತೆ ಗಂಡ ಹೆಂಡತಿ ಇಬ್ಬರಿದ್ದರು, ಕಲಬುರಗಿ ಕಡೆಯವರು. ಗಂಡನಿಗೆ ಮಾತು ಕಡಿಮೆ. ಅವನ ಪಾಲಿನದನ್ನೂ ಹೆಂಡತಿಯೇ ಆಡುತ್ತಿದ್ದಳು. ನಾನು ಆಕೆಯನ್ನು ಅಕ್ಕ ಅಂತಿದ್ದೆ. ಅಕ್ಕ ಕೋಳಿಗಳಿಗೆ ಕೋಳಿ ಅಂತ ಯಾವತ್ತೂ ಅಂದವಳಲ್ಲ. "ಕೂಸುಗೋಳು ಉಂಡಾವೇನ್ರಿ?" "ಈ ಕೂಸಿಗಿ ಥಂಡಿ ಆಗ್ಯದ್ ನೋಡ್ರಿ." ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂತು. ನಮ್ಮ ಬೆಂಗಳೂರು ಬಾಯಲ್ಲಿ ಕೂಸು ಹೋಗಿ ಮಗು ಆಯಿತು, ಅಷ್ಟೇ.

ಹೊಸ ಬ್ಯಾಚಿನ ಮರಿ ಬಂದು ಮೂರು ವಾರಕ್ಕೆ ಸರಿಯಾಗಿ ಬಾಗಿಲ ಹತ್ತಿರದ ಕೋಳಿಗಳ ಕಾಲಲ್ಲಿ ಕಲೆ ಕಾಣಿಸಿತು. ಯಜಮಾನಮ್ಮನ ಮುಖ ಕಪ್ಪಿಟ್ಟಿತು. ನಾನು ಕೆ.ಆರ್. ಪುರಕ್ಕೆ ಓಡಿ, ಮೊದಲು ಕಂಡ ಮೆಡಿಕಲ್ ಸ್ಟೋರಿಗೆ ನುಗ್ಗಿದೆ.

"ಕಾಲಿನ ಹುಣ್ಣಿಗೆ ಮುಲಾಮು ಕೊಡಿ ಸಾರ್. ಮಗು ನಡೆಯೋಕೇ ಆಗ್ತಿಲ್ಲ."

"ವಯಸ್ಸೆಷ್ಟು?"

"ಇಪ್ಪತ್ತೆರಡು ದಿನ."

ಅಂಗಡಿಯವರು ಕನ್ನಡಕ ತೆಗೆದರು. "ಇಪ್ಪತ್ತೆರಡು ದಿನಕ್ಕೆ ನಡೆಯುತ್ತಾ?"

"ಮೊದಲನೇ ದಿನದಿಂದಾನೇ ಓಡಾಡ್ತಿತ್ತು ಸಾರ್. ಈಗ ಕೂತ್ಬಿಟ್ಟಿದೆ."

ಪಕ್ಕದಲ್ಲಿ ಬಿ.ಪಿ. ಮಾತ್ರೆಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಕೈ ಮುಗಿದು, "ದೈವಾಂಶ ಇದ್ದ ಮಗು," ಅಂದರು.

"ತೂಕ ಎಷ್ಟಿದೆ?" ಅಂಗಡಿಯವರ ದನಿ ಸಣ್ಣಗಾಗಿತ್ತು.

"ಒಂದು ಕೆ.ಜಿ. ಬರುವಾಗ ಬರೀ ನಲವತ್ತು ಗ್ರಾಂ ಇತ್ತು. ಚೆನ್ನಾಗೇ ಬೆಳೆದಿದೆ."

"ತಾಯಿ ಹೇಗಿದ್ದಾರೆ?"

"ತಾಯಿನ ಯಾರೂ ನೋಡಿಲ್ಲ ಸಾರ್. ಬಾಕ್ಸಲ್ಲಿ ಬಂದಿದ್ದು. ಒಂದು ಬಾಕ್ಸಿಗೆ ನೂರು ಮಕ್ಕಳು."

ಅವರು ಫೋನು ಕೈಗೆತ್ತಿಕೊಂಡು ಯಾರಿಗೋ ನಂಬರ್ ಒತ್ತೋಕೆ ಶುರು ಮಾಡಿದ ಮೇಲೆ ನನಗೆ ಹೊಳೆಯಿತು, ಇಷ್ಟು ಹೊತ್ತೂ ನಾನು ಕೋಳಿ ಅನ್ನೋ ಮಾತನ್ನೇ ಆಡಿಲ್ಲ ಅಂತ.

ಕಾಲಿಗೆ ನೀರು

ಪಶು ಡಾಕ್ಟರು ಬಂದರು. ಕೋಳಿ ಅಂತ ಬಿಡಿಸಿ ಹೇಳಿ ಹೇಗೋ ನಾನು ತಂದಿದ್ದ ಮುಲಾಮು ನೋಡಿ, "ಇದನ್ನ ನೀವೇ ಹಚ್ಕೊಳ್ಳಿ," ಅಂದರು. ಅವರು ಮೊದಲನೇ ಸಲ ಬಂದಾಗಲೇ ಒಂದು ಕಟ್ಟುನಿಟ್ಟು ಮಾಡಿ ಹೋಗಿದ್ದರು. ಹೊರಗಿನ ರೋಗ ಒಳಗೆ ಬರಬಾರದು, ಒಳಗೆ ಬರೋ ಪ್ರತಿಯೊಬ್ಬರ ಕಾಲೂ ಕ್ಲೀನ್ ಆಗಬೇಕು. ಅದಕ್ಕೆ ಬಾಗಿಲಲ್ಲಿ ಔಷಧಿ ನೀರಿನ ಒಂದು ತಟ್ಟೆ ಇಡಿಸಿದ್ದರು. ಶೂ ಹಾಕಿಕೊಂಡು ಅದರಲ್ಲಿ ಕಾಲು ಅದ್ದಿ ಒಳಗೆ ಬರಬೇಕು.

ಆದರೆ ನಮ್ಮ ಜನ ಬಾಗಿಲಲ್ಲಿ ನೀರಿನ ತಟ್ಟೆ ಕಂಡರೆ ಏನು ಮಾಡ್ತಾರೆ? ಚಪ್ಪಲಿ ಹೊರಗೆ ಬಿಟ್ಟು, ತಟ್ಟೆ ತುಳಿಯಬಾರದು ಅಂತ ದಾಟಿಕೊಂಡು ಬರಿಗಾಲಲ್ಲಿ ಒಳಗೆ ಬರುತ್ತಾರೆ. ಮೇವಿನ ಗಾಡಿಯವನು ಹಾಗೇ ಬಂದ. ಕರೆಂಟು ಮೀಟರ್ ನೋಡುವವನು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಬಂದ.

ಡಾಕ್ಟರು ಶೆಡ್ಡು ಪೂರ್ತಿ ಓಡಾಡಿ ತಲೆ ಕೆರೆದುಕೊಂಡರು. ಹಿಂದುಗಡೆಯ ಕೋಳಿಗಳೆಲ್ಲ ಸರಿಯಾಗಿವೆ. ಕಲೆ ಇರೋದು ಬಾಗಿಲ ಹತ್ತಿರದ ನೂರು ಕೋಳಿಗೆ ಮಾತ್ರ. ಅಲ್ಲಿ ಹೊಟ್ಟು ಹಿಂಡಿದರೆ ಮುದ್ದೆ ಅಲ್ಲ, ನೀರೇ ತೊಟ್ಟಿಕ್ಕುತ್ತಿತ್ತು.

"ಸೂರು ಸೋರ್ತಿದೆಯಾ?"

"ಮಳೆನೇ ಇಲ್ಲ ಡಾಕ್ಟ್ರೇ," ಅಂದೆ.

"ಕೋಳಿ ನೀರು ಕುಡಿಯೋ ಪೈಪು?"

"ಅದು ಇರೋದು ಆ ಕಡೆ."

"ಹಾಗಾದ್ರೆ ಇಷ್ಟು ನೀರು ಬರ್ತಿರೋದು ಎಲ್ಲಿಂದ?"

ಇನ್ನೊಂದು ಸಲ ಮೊದಲಿಂದ ನೋಡೋಣ ಅಂತ ಎಲ್ಲರೂ ಹೊರಗೆ ಹೋಗಿ ಒಳಗೆ ಬಂದೆವು. ಡಾಕ್ಟರು ಹೊಸ್ತಿಲ ಒಳಗೆ ನಿಂತು, ಗಲ್ಲಕ್ಕೆ ಕೈ ಹಚ್ಚಿ, ಮೇಲೆ ತಗಡಿನ ಕಡೆಗೇ ನೋಡುತ್ತಿದ್ದಾರೆ. ಅಷ್ಟರಲ್ಲಿ ಅಕ್ಕ ಬಾಗಿಲ ಪಕ್ಕದ ನೀರಿನ ಡ್ರಮ್ಮಿನಿಂದ ದೊಡ್ಡ ಚೊಂಬು ತುಂಬಿಕೊಂಡು ಬಂದು, "ಕಾಲಿಗಿ ನೀರ್ ತಗೋರಿ ಡಾಕ್ಟರ," ಅಂದಳು. ಅವರು ಯೋಚನೆಯಲ್ಲೇ ಶೂ ಬಿಚ್ಚಿದರು. ಪ್ಯಾಂಟು ಮಡಚಿದರು. ಅಕ್ಕ ಸುರಿದಳು. ಅವರು ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಚೆನ್ನಾಗಿ ಉಜ್ಜಿಕೊಂಡರು. ನೀರು ಹೊಟ್ಟಿನೊಳಗೆ ಇಳಿಯಿತು.

"ಗೊತ್ತೇ ಆಗ್ತಿಲ್ಲವಲ್ಲ," ಅಂದರು, "ಇನ್ನೊಂದು ಚೂರು ಹಾಕಮ್ಮ."

ಅಕ್ಕನ ಗಂಡ ಕೆಮ್ಮಿದ. ಎಲ್ಲರೂ ಅವನ ಕಡೆ ನೋಡಿದರು. ಅವನು ಮಾತಾಡದೆ ಡಾಕ್ಟರ ಕಾಲಿನ ಕಡೆ ಬೆರಳು ತೋರಿಸಿದ.

ಅಕ್ಕ ಅಳುವುದೊಂದು ಬಾಕಿ. "ನೀವೇ ಹೇಳಿದ್ರೆಲ್ರಿ, ಬಂದೋರ ಕಾಲ ಸ್ವಚ್ಛ ಇರ್ಬೇಕಂತ? ನಮ್ ಕಡಿ ಮನಿಗಿ ಬಂದೋರಿಗಿ ಮೊದಲು ಕಾಲಿಗಿ ನೀರು ಕೊಡ್ತೀವ್ರಿ. ಬರಿಗಾಲಲ್ಲಿ ಬಂದೋರಿಗಿ ಕೊಡದೆ ಹ್ಯಾಂಗ ಬಿಡ್ಲಿ?"

ದಿನಕ್ಕೆ ಹತ್ತು ಹನ್ನೆರಡು ಜನ. ಒಬ್ಬೊಬ್ಬರಿಗೆ ಒಂದೊಂದು ಚೊಂಬು. ಬಂದವರ ಕಾಲೆಲ್ಲ ತೊಳೆದು ತೊಳೆದು ನಮ್ಮ ಕೋಳಿ ಕಾಲು ಕೆಡಿಸಿದ್ದೆವು.

ಡಾಕ್ಟರು ಬಗ್ಗಿ ತಮ್ಮ ಒದ್ದೆ ಕಾಲು ನೋಡಿಕೊಂಡರು. ಕೊನೆಗೆ ಅಂದರು: "ಒರೆಸಿಕೊಳ್ಳೋಕೆ ಟವಲ್ ಇದೆಯಾ?"

ಅರಿಶಿನ

ಡ್ರಮ್ಮನ್ನು ಹೊರಗೆ ಪಪ್ಪಾಯಿ ಗಿಡದ ಕೆಳಗೆ ಸಾಗಿಸಿದೆವು. ಒದ್ದೆ ಹೊಟ್ಟು ಬಾಚಿ ಎಸೆದು ಹೊಸದು ಹಾಕಿದೆವು. ಡಾಕ್ಟರು, "ನೆಲ ಒಣಗಿದ್ರೆ ಕಾಲು ತಾನಾಗೇ ಒಣಗುತ್ತೆ, ಏನೂ ಹಚ್ಚಬೇಡಿ," ಅಂತ ಹೇಳಿಯೇ ಹೋಗಿದ್ದರು. ಆದರೆ ಅಕ್ಕನಿಗೆ ತಪ್ಪು ತನ್ನದು ಅನ್ನೋ ಕೊರಗು. ನಾನು ಮೇವು ತರೋಕೆ ಹೋಗಿದ್ದ ದಿನ, ಗಂಡನ ಕೈಯಲ್ಲಿ ಹಿಡಿಸಿಕೊಂಡು, ನೂರು ಕೋಳಿಯ ಇನ್ನೂರು ಕಾಲಿಗೂ ಅರಿಶಿನ ಎಣ್ಣೆ ಕಲಸಿ ಮೊಳಕಾಲ ತನಕ ಹಚ್ಚಿದ್ದಳು. ಬಂದು ನೋಡಿದರೆ ಶೆಡ್ಡಿನ ಬಾಗಿಲಲ್ಲಿ ನೂರು ಮದುಮಕ್ಕಳು ನಿಂತಂತಿತ್ತು.

ವಿಪರೀತ ಆದದ್ದು ಮಾರನೇ ವಾರ. ಭಾಯ್ ಅಂಗಡಿಯಲ್ಲಿ ಕೋಳಿ ಖಾಲಿಯಾಗಿ, ನೂರು ಕೋಳಿ ಮುಂಚೆಯೇ ಬೇಕು ಅಂತ ಗಾಡಿ ಕಳಿಸಿದರು. ಗಾಡಿಯವನು ಅವಸರದ ಮನುಷ್ಯ. ಬಾಗಿಲ ಹತ್ತಿರ ಇದ್ದ ನೂರನ್ನೇ ತುಂಬಿಕೊಂಡು ಹೋಗಿಬಿಟ್ಟ. ನಾವು ಹಿಂದುಗಡೆ ಹೊಟ್ಟು ಕೆದಕುತ್ತಿದ್ದವರು ಮುಂದೆ ಬಂದು ನೋಡಿದರೆ ಖಾಲಿ. ಯಜಮಾನಮ್ಮ ಅಲ್ಲೇ ಮೇವಿನ ಮೂಟೆ ಮೇಲೆ ಕೂತರು. ಅವತ್ತು ಕನ್ನಡ, ತಮಿಳು ಎರಡೂ ಬರಲಿಲ್ಲ.

ಬಸ್ಸು ಹಿಡಿದು ಶಿವಾಜಿನಗರಕ್ಕೆ ಹೋದೆ, ಕಾಲಿಗೆ ಬಿದ್ದಾದರೂ ಒಪ್ಪಿಸೋಣ ಅಂತ. ಅಂಗಡಿ ಮುಂದೆ ಜನವೋ ಜನ. ಹಳದಿ ಕಾಲು ಕಂಡವರೆಲ್ಲ ನಾಟಿ ಕೋಳಿ ಬಂದಿದೆ ಅಂತ ಮುತ್ತಿಕೊಂಡಿದ್ದರು. ಭಾಯ್ ಗಂಟಲು ಹರಿದುಕೊಂಡು ಹೇಳುತ್ತಿದ್ದಾರೆ, "ಅರೇ, ನಾಟಿ ಅಲ್ಲ ಸ್ವಾಮಿ, ಬ್ರಾಯ್ಲರ್ರು. ಅದು ಅರಿಶಿನ. ಕೈಯಲ್ಲಿ ಉಜ್ಜಿ ನೋಡಿ."

"ನಿಮ್ಮ ಮನೆಯವರಿಗೆ ಇಟ್ಕೊಳ್ಳೋಕೆ ಹೀಗೆ ಹೇಳ್ತಿದೀರ," ಅಂತ ಒಬ್ಬರು ಜಗಳಕ್ಕೆ ನಿಂತರು.

ಉಜ್ಜಿ ತೋರಿಸಿದರೂ ಯಾರೂ ನಂಬಲಿಲ್ಲ. ಭಾಯ್ ಸೋತು ಕೊಟ್ಟರು, ಆದರೆ ಬ್ರಾಯ್ಲರ್ ಅಂತಲೇ ಹೇಳಿ ಕೊಟ್ಟರು. ಕಲೆ ಬಿದ್ದ ಕಾಲುಗಳಲ್ಲಿ ಒಂದನ್ನೂ ಸೂಪಿಗೆ ಹಾಕಲಿಲ್ಲ. ಮಾರನೇ ದಿನ ಫ್ರೇಜರ್ ಟೌನಿನ ಒಬ್ಬರು ಹಿರಿಯರು ವಾಪಸ್ಸು ಬಂದರಂತೆ. ಭಾಯ್ ಬೈಗುಳಕ್ಕೆ ತಯಾರಾಗಿ ನಿಂತರು.

"ನಲವತ್ತು ವರ್ಷದಿಂದ ನಾಟಿ ಕೋಳಿ ತಿಂತಾ ಇದೀನಿ," ಅಂದರಂತೆ ಅವರು. "ಅರ್ಧ ಗಂಟೆಗೆ ಬೆಂದಿದ್ದು ಇದೊಂದೇ. ಇನ್ನೆರಡು ಕೊಡಿ."

ಪರೀಕ್ಷೆ

ಭಾಯ್‌ಗೆ ನಗು ಬಂದದ್ದು ನಿಜ. ಆದರೆ ಮಾತು ಬದಲಾಗಲಿಲ್ಲ. "ಅರಿಶಿನ, ಗಿರಿಶಿನ ನಕೋ. ಉಳಿದ ಕೋಳಿ ನಾನೇ ಬಂದು ನೋಡ್ತೀನಿ. ಇಪ್ಪತ್ತು ಎತ್ತಿ ನೋಡ್ತೀನಿ. ಒಂದರ ಕಾಲು ಕಪ್ಪಿದ್ರೂ ನಾನು ನಿಮ್ಮ ಶೆಡ್ಡಿಗೆ ಬರೋದು ಅದೇ ಕೊನೆ," ಅಂದರು.

ಹತ್ತು ದಿನ ನಾವು ಮೂವರೂ ಆ ಹೊಟ್ಟನ್ನು ಹೆತ್ತ ಮಗುವಿನಂತೆ ನೋಡಿಕೊಂಡೆವು. ನನಗೇ ಆಶ್ಚರ್ಯ. ಬೇರೆ ಕೆಲಸದಲ್ಲಿ ಇಷ್ಟು ಹೊತ್ತಿಗೆ ನಾನು ಬಸ್‌ಸ್ಟಾಪಿನಲ್ಲಿರುತ್ತಿದ್ದೆ. ಇಲ್ಲಿ, ಶೆಡ್ಡು ಮುಚ್ಚಿದರೆ ಏನು ಗತಿ ಅಂತ ಮಧ್ಯರಾತ್ರಿ ಎದ್ದು ಟಾರ್ಚು ಹಿಡಿದು ಹೊಟ್ಟು ಹಿಂಡಿ ನೋಡುತ್ತಿದ್ದೆ.

ಭಾಯ್ ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಅಕ್ಕ ಬಿಡುತ್ತಾಳೆಯೇ? ಪಪ್ಪಾಯಿ ಗಿಡದ ಕೆಳಗೇ ಅಡ್ಡ ನಿಂತು, "ಕಾಲಿಗಿ ನೀರ್ ತಗೋರಿ ಅಣ್ಣಾರ," ಅಂದಳು. ಅವರು ಬೇಡ ಬೇಡ ಅಂತಲೇ ಕಲ್ಲಿನ ಮೇಲೆ ಕೂತು ಶೂ ಬಿಚ್ಚಿದರು. ನಾವು ಮೂವರೂ ನೋಡಿದೆವು, ಮೂವರೂ ಬೇರೆ ಕಡೆ ತಿರುಗಿದೆವು. ಬೆರಳ ಸಂದಿಯೆಲ್ಲ ಬೆಳ್ಳಗೆ ಬೆಂದು, ಹಿಮ್ಮಡಿ ಬಿರಿದು, ಅಂಗಾಲ ನಡುವೆ ಕಪ್ಪಗೆ ಒಂದು ಕಲೆ. ಪರೀಕ್ಷೆ ಮಾಡೋಕೆ ಬಂದವರ ಕಾಲಿನ ಮಾತು ಆಡೋದು ಹೇಗೆ?

ಡಾಕ್ಟರು ಹೇಳಿದ್ದು ನೆನಪಾಗಿ, ಶೂ ಹಾಕಿಸಿ ತಟ್ಟೆಯಲ್ಲಿ ಅದ್ದಿಸಿಯೇ ಒಳಗೆ ಕರೆದುಕೊಂಡು ಹೋದೆವು. ಭಾಯ್ ಒಂದೊಂದೇ ಕೋಳಿ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ಬೆರಳಿನಿಂದ ಒತ್ತಿ ನೋಡಿ ಬಿಡುತ್ತಿದ್ದರು. ಹತ್ತಾಯಿತು. ಹದಿನೈದಾಯಿತು. ಯಜಮಾನಮ್ಮ ಬಾಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದರು. ಇಪ್ಪತ್ತನೆಯದಕ್ಕೆ ಭಾಯ್ ಮೂಲೆಯ ಕಡೆ ಕೈ ತೋರಿಸಿದರು. ಅಲ್ಲೊಂದು ಕೋಳಿ ಕೂತಿತ್ತು. ಶ್ ಅಂದರೂ ಏಳಲಿಲ್ಲ. ಚಪ್ಪಾಳೆ ತಟ್ಟಿದರೂ ಏಳಲಿಲ್ಲ. ಕಾಲು ನೋಯುವ ಕೋಳಿಯ ಲಕ್ಷಣವೇ ಅದು.

ಭಾಯ್ ಅದನ್ನು ಎತ್ತಿ ತಿರುಗಿಸಿದರು. ಒಂದು ಕಾಲು ನೋಡಿದರು. ಇನ್ನೊಂದು ಕಾಲು ನೋಡಿದರು. ಎರಡೂ ಹೂವಿನಂತಿದ್ದವು. ಕೆಳಗೆ ಬಿಟ್ಟರು. ಅದು ಅಲ್ಲೇ ಮತ್ತೆ ಕೂತಿತು.

"ಇದಕ್ಕೇನಾಗಿದೆ?" ಅಂತ ಕೇಳಿದರು.

"ಏನೂ ಆಗಿಲ್ಲ ಭಾಯ್," ಅಂದೆ. "ಸ್ವಭಾವ."

ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿದರು. "ನಮ್ಮ ತಮ್ಮನೂ ಹಿಂಗೇ," ಅಂದರು. ಆಮೇಲೆ ಕೈ ಒರೆಸಿಕೊಂಡು, "ಲೋಡ್ ಮಾಡಿ."

ಯಜಮಾನಮ್ಮ ಮೂಟೆ ಮೇಲೆ ಕೂತು ಕಣ್ಣೊರೆಸಿಕೊಂಡರು. ಅಕ್ಕ ಮಾತ್ರ ಇನ್ನು ತಡೆಯಲಾರದೆ ಮುಂದೆ ಬಂದಳು. "ಅಣ್ಣಾರ, ತಪ್ಪ್ ತಿಳಿಬ್ಯಾಡ್ರಿ. ನಮ್ ಇಪ್ಪತ್ತೂ ಪಾಸ್ ಆದವು. ನಿಮ್ಮವ ಎರಡೂ ಫೇಲ್ ಅದಾವ."

ಭಾಯ್ ತಲೆ ತಗ್ಗಿಸಿ ತಮ್ಮ ಶೂ ನೋಡಿಕೊಂಡರು. "ಇಪ್ಪತ್ತು ವರ್ಷದಿಂದ ಅಂಗಡಿ ನೀರಲ್ಲೇ ನಿಂತಿದೀನಿ ಅಕ್ಕಾ," ಅಂದರು ಮೆಲ್ಲಗೆ. "ಇದುವರೆಗೂ ಯಾರೂ ತಿರುಗಿಸಿ ನೋಡಿಲ್ಲ."

ಮಾರನೇ ದಿನವೇ ಎರಡು ಮೂಟೆ ಒಣ ಹೊಟ್ಟು ಹೊತ್ತುಕೊಂಡು ನಾನೇ ಶಿವಾಜಿನಗರಕ್ಕೆ ಹೋದೆ. ಗಲ್ಲಾ ಹಿಂದೆ ಹಲಗೆ ಎತ್ತರಿಸಿ, ಸುತ್ತ ಪಟ್ಟಿ ಹೊಡೆದು, ಮೂರು ಬೆರಳಷ್ಟು ಹಾಸಿಕೊಟ್ಟೆ. ಈಗ ಭಾಯ್ ಅದರ ಮೇಲೆ ಬರಿಗಾಲಲ್ಲಿ ನಿಂತು ವ್ಯಾಪಾರ ಮಾಡುತ್ತಾರೆ. ಬೆಳಿಗ್ಗೆ ಎದ್ದು ತಾವೇ ಕೆದಕಿ ತಿರುವುತ್ತಾರೆ. ಚರ್ಮದ ಡಾಕ್ಟರಿಗೂ ತೋರಿಸಿದ್ದಾರೆ, ಆದರೂ ವಾರಕ್ಕೊಂದು ಸಲ ನಾನು ಹೋಗಿ ನೋಡಲೇಬೇಕು. ನಮ್ಮ ಶೆಡ್ಡಿನಲ್ಲಿ ಆಮೇಲೆ ಎಷ್ಟೋ ಬ್ಯಾಚು ಬಂದು ಹೋದವು, ನಾನು ಇನ್ನೂ ಅಲ್ಲೇ ಇದ್ದೇನೆ.

ಮೊನ್ನೆ ಭಾನುವಾರ ಹೋದಾಗ ಅಂಗಡಿ ತುಂಬಾ ಗಿರಾಕಿ. ಭಾಯ್ ವ್ಯಾಪಾರ ನಿಲ್ಲಿಸಿ, ಸ್ಟೂಲಿನ ಮೇಲೆ ಕೂತು, ಎಲ್ಲರೆದುರಿಗೇ ಕಾಲು ಎತ್ತಿ ನನ್ನ ಕೈಗೆ ಕೊಟ್ಟರು. ನಾನು ಪಾದ ತಿರುಗಿಸಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಕಲೆ ಮಾಯವಾಗಿತ್ತು.

"ಇವರು ಡಾಕ್ಟ್ರಾ?" ಅಂತ ಒಬ್ಬ ಗಿರಾಕಿ ಕೇಳಿದ.

"ಅಲ್ಲ," ಅಂದರು ಭಾಯ್, "ಕೋಳಿ ಸಾಕೋರು."

ನಾನು ಎರಡನೇ ಕಾಲನ್ನೂ ನೋಡಿ ಮುಗಿಸಿ, "ಫಸ್ಟ್ ಕ್ಲಾಸ್ ಭಾಯ್. ಲೋಡ್ ಮಾಡಬಹುದು," ಅಂದೆ.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಒಬ್ಬ ಮುದುಕಮ್ಮ ಭಾಯ್‌ರನ್ನು ಅಡಿಯಿಂದ ಮುಡಿಯ ತನಕ ನೋಡಿ, ಬಟ್ಟೆ ಚೀಲ ಬಿಚ್ಚಿ ಮುಂದೆ ಹಿಡಿದು ಹೇಳಿದರು: "ನನಗೆ ಒಂದು ಕೆ.ಜಿ. ಸಾಕಪ್ಪಾ. ಸ್ಕಿನ್ ಬೇಡ."